ಖಾಲಿ ಟೇಬಲ್ಲಿನ ವೇಗ

ನನ್ನನ್ನು ಮೊದಲ ಸಲ ಕಂಡವರೆಲ್ಲ ಇದೇನು ಹೊಲಿಗೆ ಯಂತ್ರವೇ ಎಂದು ಕೇಳುತ್ತಾರೆ. ಏನು ಹೇಳಲಿ ಇವರಿಗೆ! ನಾನು ಒಂದು ಪುಟ್ಟ ಮಿಲ್ಲಿಂಗ್ ಯಂತ್ರ. ಮೇಲೆ ಹಲ್ಲುಗಳಿರುವ ಕಟ್ಟರ್ ಗಿರ್ರೆಂದು ತಿರುಗುತ್ತದೆ. ಕೆಳಗೆ ನನ್ನ ಟೇಬಲ್ ಕಬ್ಬಿಣದ ತುಂಡನ್ನು ಬಿಗಿಯಾಗಿ ಹಿಡಿದು ಮೆಲ್ಲಗೆ ಅದರ ಬಾಯಿಗೆ ಒಡ್ಡುತ್ತದೆ. ಅದು ಉಣ್ಣುತ್ತದೆ, ನಾನು ಉಣ್ಣಿಸುತ್ತೇನೆ. ನನ್ನ ಬಾಳೆಲ್ಲ ಇಷ್ಟೇ.

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ನನ್ನನ್ನು ಎರಕ ಹೊಯ್ದರು. ಮೊದಲು ಕೊಂಡವನು ಪಂಪು ರಿಪೇರಿಯ ಬಸಲಿಂಗ. ಒರಟ, ಆದರೆ ಹೊತ್ತಿಗೆ ಸರಿಯಾಗಿ ಎಣ್ಣೆ ಹಾಕುತ್ತಿದ್ದ. ದೊಡ್ಡ ಯಂತ್ರ ಬಂದ ದಿನ ನನಗೆ ಗೋಣಿಚೀಲ ಹೊದಿಸಿ ಮೂಲೆಗೆ ತಳ್ಳಿದ. ಅಲ್ಲಿಂದ ನನ್ನನ್ನು ಹುಬ್ಬಳ್ಳಿಗೆ ತಂದವರು ರಾಚೋಟಿ ಮಾಸ್ತರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಹುಚ್ಚು ನೋಡಿ, ಪಡಸಾಲೆಯಲ್ಲಿ ಸೋಫಾ ಇಡುವ ಜಾಗದಲ್ಲಿ ನನ್ನನ್ನು ಕೂರಿಸಿದರು!

ಆ ಮನೆಯಲ್ಲಿದ್ದವರು ಇಬ್ಬರೇ, ಮಾಸ್ತರು ಮತ್ತು ಅವರ ತಂಗಿ ಕಸ್ತೂರಿ. ಎಳವೆಯಲ್ಲೇ ಪೋಲಿಯೋ ಬಡಿದು ಕಸ್ತೂರಿಯ ಎಡಗಾಲು ಸೋತಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿಕೊಂಡು, ಟಕ್ ಟಕ್ ಎಂದು ನಡೆದು, ಓಣಿಯ ವಾಚನಾಲಯದ ಬಾಗಿಲನ್ನು ದಿನಾ ಬೆಳಿಗ್ಗೆ ಅವಳೇ ತೆರೆಯುತ್ತಿದ್ದಳು. ಪೇಪರ್ ಓದಲು ಬರುವ ಮುದುಕರನ್ನು ಗದರಿಸಿ ಸಾಲಾಗಿ ಕೂರಿಸುವ ಗಟ್ಟಿಗಿತ್ತಿ. ಆದರೆ ಕ್ಯಾಲಿಪರಿನ ಮೊಣಕಾಲ ಕೀಲು ಸವೆಯುತ್ತ ಬಂತು. ನಿಂತಾಗ ಅದು ಕಚ್ಚಿಕೊಂಡು ಕಾಲನ್ನು ನೆಟ್ಟಗೆ ಹಿಡಿಯಬೇಕು. ಈಗ ಜಾರತೊಡಗಿತು, ಕಾಲು ಮಡಚಿ ಕಸ್ತೂರಿ ಎರಡು ಸಲ ಬಿದ್ದಳು. ಆಸ್ಪತ್ರೆಯಿಂದ ತಂದ ಹೊಸ ಕ್ಯಾಲಿಪರ್ ಅವಳ ಕಾಲಿಗೆ ಹೊಂದದೆ ಹುಣ್ಣು ಮಾಡಿತು. ಹಳೆಯದನ್ನು ಮಾಡಿದ ಮಿಸ್ತ್ರಿ ತೀರಿಹೋಗಿದ್ದ. ಆ ಕೀಲು ಸಿಕ್ಕಿಕೊಳ್ಳುವ ಕಚ್ಚನ್ನು ಮತ್ತೆ ನೇರವಾಗಿ ಕೊರೆದರೆ ಅವಳು ನಡೆದಾಳು, ಇಲ್ಲವಾದರೆ ಇಲ್ಲ.

"ನಾ ಕೊರದ ಕೊಡತೇನಿ," ಎಂದರು ಮಾಸ್ತರು.

"ಚಹಾ ಕುಡಿಯೂದ್ರಾಗ ಅರ್ಧಾ ಚೆಲ್ಲತಿ, ನೀ ಏನ್ ಕೊರೀತಿಯೋ ಅಣ್ಣಾ!" ಎಂದು ಕಸ್ತೂರಿ ನಕ್ಕಳು.

ಸುಳ್ಳಲ್ಲ. ಅವರ ಕೈ ನಡುಗುತ್ತಿತ್ತು. ನನ್ನ ಹಿಡಿಕೆ ತಿರುಗಿಸಿದರೆ ಟೇಬಲ್ ತಡವರಿಸುತ್ತಿತ್ತು, ಕೊರೆದ ಮೈಯೆಲ್ಲ ಉಬ್ಬುತಗ್ಗು. ಅದಕ್ಕೇ ಅವರು ಗುಜರಿಯಿಂದ ಲಾರಿಯ ವೈಪರ್ ಮೋಟಾರು ತಂದು ನನ್ನ ಟೇಬಲ್ಲಿಗೆ ಜೋಡಿಸಿದರು. ಪಕ್ಕದಲ್ಲಿ ವೇಗ ಏರಿಸಿ ಇಳಿಸುವ ಗುಂಡಿ. ಇನ್ನು ಯಾರೂ ತಿರುಗಿಸಬೇಕಿಲ್ಲ, ನಾನೇ ಸರಿಯುತ್ತೇನೆ! ನನಗೂ ಸ್ವಲ್ಪ ಬಿಂಕ ಬಂತು.

ಆದರೆ ಎಷ್ಟು ಬೇಗ ಸರಿಯಬೇಕು? ಕಟ್ಟರಿನ ಒಂದೊಂದು ಹಲ್ಲಿಗೂ ಒಂದು ತುತ್ತಿನ ಅಳತೆ ಇದೆ. ತುತ್ತು ತೀರ ಸಣ್ಣದಾದರೆ ಹಲ್ಲು ಬರೀ ಉಜ್ಜಿ ಮೊಂಡಾಗುತ್ತದೆ, ದೊಡ್ಡದಾದರೆ ಮುರಿಯುತ್ತದೆ. ಮಾಸ್ತರು ಹಲ್ಲುಗಳೆಷ್ಟು, ನಿಮಿಷಕ್ಕೆ ಸುತ್ತೆಷ್ಟು, ತುತ್ತೆಷ್ಟು ಎಂದು ಮೂರನ್ನೂ ಗುಣಿಸಿ ಲೆಕ್ಕ ತೆಗೆದರು. ನನ್ನ ಅಂಚಿಗೆ ಅಳತೆಪಟ್ಟಿ ಅಂಟಿಸಿ, ಗುಂಡಿಯನ್ನು ಚೂರು ಚೂರೇ ತಿರುಗಿಸಿ, ನಿಮಿಷಕ್ಕೆ ಟೇಬಲ್ ಎಷ್ಟು ದೂರ ಸರಿಯುತ್ತದೆ ಎಂದು ನೋಡಿದರು. ಗಡಿಯಾರ ಹಿಡಿದು "ಹೂಂ, ಬಿಡು!" ಎನ್ನುವವಳು ಕಸ್ತೂರಿ. ಲೆಕ್ಕ ಕೂಡಿದ ಕಡೆ ಅವಳ ಕೆಂಪು ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟರು. ಆ ವಾರ ಆ ಮನೆಯಲ್ಲಿ ಎಷ್ಟು ನಗು!

ಅಯ್ಯೋ ಮಾಸ್ತರೇ! ನೀವು ಅಳೆದದ್ದೆಲ್ಲ ಖಾಲಿ ಟೇಬಲ್ಲಿನ ವೇಗ. ಬರಿಗೈಯಲ್ಲಿ ಓಡುವ ಹಮಾಲನನ್ನು ನೋಡಿ, ಮೂಟೆ ಹೊತ್ತಾಗಲೂ ಹೀಗೇ ಓಡುತ್ತಾನೆ ಎಂದುಕೊಂಡಿರಿ. ಆ ಮೋಟಾರಿಗೆ ಅಷ್ಟು ತಾಕತ್ತು ಎಲ್ಲಿತ್ತು? ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ.

ವಾಚನಾಲಯದ ರಜೆಯ ದಿನ ಕ್ಯಾಲಿಪರಿನ ಕೀಲು ಬಿಚ್ಚಿ ನನ್ನ ಮೇಲೆ ಬಿಗಿದರು. ಕಸ್ತೂರಿ ಪಕ್ಕದ ಕುರ್ಚಿಯಲ್ಲಿ ಕೂತಳು. ಗುಂಡಿ ಕೆಂಪು ಚುಕ್ಕೆಗೆ ಬಂತು. ಕಟ್ಟರ್ ಗಟ್ಟಿ ಉಕ್ಕಿಗೆ ತಗುಲಿದ್ದೇ ಮೋಟಾರು ಮುಲುಕಿತು, ಟೇಬಲ್ ತೆವಳತೊಡಗಿತು. ಹಲ್ಲು ಕಚ್ಚದೆ ಕಿರ್ರೆಂದು ಉಜ್ಜಿತು.

"ಲೆಕ್ಕಕ್ಕಿಂತ ಹಿಂದ ಬಿದ್ದೈತಿ," ಎಂದು ಮಾಸ್ತರು ಗುಂಡಿಯನ್ನು ಚುಕ್ಕೆ ದಾಟಿಸಿ ಏರಿಸಿದರು. ಇನ್ನೂ ಏರಿಸಿದರು. ಈಗ ವೇಗ ಲೆಕ್ಕಕ್ಕೆ ಸರಿಹೋಯಿತು. ಅಷ್ಟರಲ್ಲಿ ಕಟ್ಟರ್, ಕೀಲು ಸವೆದು ಟೊಳ್ಳಾದ ಜಾಗಕ್ಕೆ ಬಂತು. ತಡೆಯುವುದೇನೂ ಉಳಿಯಲಿಲ್ಲ. ಮೋಟಾರು ಮೈಕೊಡವಿ ಓಡಿತು, ನಾನೂ ಅದರ ಜೊತೆ ನುಗ್ಗಿದೆ. ನಿಲ್ಲಲು ನನ್ನಿಂದಾಗಲಿಲ್ಲ. ಕೀಲಿನ ಆಚೆ ಬದಿಗೆ ಕಟ್ಟರ್ ಗುದ್ದಿ ಮುರಿಯಿತು. ಕೀಲೂ ಮುರಿದು ಅರ್ಧ ನೆಲಕ್ಕೆ ಬಿತ್ತು. ಮಾಸ್ತರು ಸ್ವಿಚ್ಚಿಗೆ ತಡಕಾಡಿದರು, ನಡುಗುವ ಕೈಗೆ ಸಿಗಲಿಲ್ಲ. ಕಸ್ತೂರಿಯೇ ಕುರ್ಚಿಯಿಂದ ಬಗ್ಗಿ ವೈರು ಕಿತ್ತಳು.

"ಹೋಗ್ಲಿ ಬಿಡೋ ಅಣ್ಣಾ, ಬೆಸಿಗಿ ಹಾಕಸೂಣು," ಎಂದಳು.

ಹಾಕಿಸಿದರು. ಬೆಸುಗೆಯ ಕೀಲು ಬಾಗಿಲ ತನಕ ಹೋಗುವಷ್ಟರಲ್ಲಿ ಬಿಟ್ಟುಕೊಂಡಿತು. ವಾಚನಾಲಯಕ್ಕೆ ಬೇರೆ ಯಾರೋ ಬಂದರು. ಕಸ್ತೂರಿ ಈಗ ಒಳಕೋಣೆಯ ಕಿಟಕಿಯ ಪಕ್ಕ ಕೂತಿರುತ್ತಾಳೆ. ಸ್ನಾನಕ್ಕೆ ಎತ್ತಿ ಒಯ್ಯಲು ಓಣಿಯ ಹೆಂಗಸೊಬ್ಬಳು ಬರುತ್ತಾಳೆ. ಅವಳು ತಡಮಾಡಿದ ದಿನ ಕಸ್ತೂರಿ ಯಾರನ್ನೂ ಕರೆಯುವುದಿಲ್ಲ. ನೋಡಿದರೆ ಕರುಳು ಕಿತ್ತು ಬರುತ್ತದೆ. ಎರಕದ ಕಬ್ಬಿಣಕ್ಕೆ ಎಲ್ಲಿಯ ಕರುಳು ಎನ್ನುವಿರೋ, ಎನ್ನಿ.

ಮೊನ್ನೆ ಗುಜರಿಯವನು ಬಂದಿದ್ದ. ಮಾಸ್ತರು ಮನೆಯಲ್ಲಿರಲಿಲ್ಲ. ನಿಜ ಹೇಳಲೇ? ಹೋಗಿಬಿಡುವ ಆಸೆ ನನಗೂ ಇತ್ತು.

"ಅಕ್ಕಾರ, ಇದು ಸುಮ್ನ ಜಾಗಾ ತಿಂತೈತಲ್ರೀ. ಒಯ್ಯಲೇನ್ರೀ?" ಎಂದು ಅವನು ಕೇಳಿದ.

"ಬ್ಯಾಡಪಾ," ಎಂದಳು ಕಸ್ತೂರಿ ಒಳಗಿನಿಂದ. "ಅಣ್ಣ ದಿನಾ ಸಂಜಿಕೆ ಅದರ ಮುಂದ ಕುಂದರತಾನ. ಅದೂ ಹೋತಂದ್ರ ನನ್ನ ಮುಂದ ಬಂದು ಕುಂದರತಾನ. ಅವನ ಮಾರಿ ನೋಡಾಕ ನನ್ನಿಂದ ಆಗೂದಿಲ್ಲ."

ಹೀಗೆ ಉಳಿದಿದ್ದೇನೆ, ತುಕ್ಕು ಹಿಡಿದು. ಇನ್ನು ಯಾರಿಗೂ ಏನನ್ನೂ ಮಾಡಿಕೊಡಲಾರೆ. ಒಬ್ಬ ಮುದುಕನನ್ನು ಅವನ ತಂಗಿಯ ಕಣ್ಣಿಂದ ಮರೆಮಾಡುತ್ತೇನೆ, ಅಷ್ಟೇ. ಆ ಸಂಜೆಯೂ ಮಾಸ್ತರು ನನ್ನೆದುರು ಕೂತರು. ಮೋಟಾರು ಹಚ್ಚಿ, ಗಡಿಯಾರ ನೋಡುತ್ತ, ಟೇಬಲ್ಲನ್ನು ಆ ತುದಿಯಿಂದ ಈ ತುದಿಗೆ ಖಾಲಿ ಓಡಿಸಿದರು. ಲೆಕ್ಕ ಸರಿಯಾಗಿಯೇ ಬಂತು. ಒಳಗೆ ಕಸ್ತೂರಿ ರೇಡಿಯೋದ ದನಿ ಏರಿಸಿದಳು.