ಗಂಗಿಗಡ್ಡೆಯ ನಾಲ್ಕು ನಿಯಮ

"ಕಣ್ಣು ಮುಚ್ರಲೇ! ಬಾಯಿನೂ ಮುಚ್ರಲೇ! ಆ ಮುದುಕಗ ಎರಡು ಸಲ ಹೊಡಿ, ಬೀಡಿ ಸೇದ್ತಾನ ಸೂಳಿಮಗ!"

ಬಳ್ಳಾರಿಯ ಮೋಟರ್ ಬೋಟಿನ ಸಾವ್ಕಾರ ಸಮ್ರಾಟ್ ಕುರ್ಚಿಯ ಮೇಲೆ ಕೂತು ಕೂಗುತ್ತಿದ್ದ. ಅವನ ಮಾಸ್ಕು ಗದ್ದದ ಕೆಳಗಿತ್ತು. ನಾವು ಹದಿನಾರು ಜನ ಹೊಳೆಯ ದಂಡೆಯಲ್ಲಿ ಸಾಲಾಗಿ ನಿಂತಿದ್ದೆವು. ಗಾದಿಲಿಂಗಪ್ಪ ಭತ್ತದ ಗದ್ದೆಗೆ ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೇರಿಸಿಕೊಂಡು ನಮ್ಮ ನೆತ್ತಿಯಿಂದ ಅಂಗಾಲಿನವರೆಗೆ ಬ್ಲೀಚಿಂಗ್ ನೀರು ಹೊಡೆಯುತ್ತಿದ್ದ. ಗಾದಿಲಿಂಗಪ್ಪ ನಮ್ಮವನೇ, ಪಕ್ಕದ ಗುಡಿಸಲಿನವನೇ. ಸಮ್ರಾಟ್ ಅವನಿಗೆ ಒಂದು ಕೆಂಪು ಟೊಪ್ಪಿಗೆ ಕೊಟ್ಟು ಸೂಪರ್‌ವೈಸರ್ ಮಾಡಿದ್ದ. ನನ್ನ ಮುಂದೆ ಬಂದಾಗ ಅವನು ಮುಖ ಆ ಕಡೆ ತಿರುಗಿಸಿಕೊಂಡು ಹೊಡೆದ.

"ನಾವೇನ್ ಭತ್ತದ ಹುಳಾ ಏನಲೇ, ಭಾಡ್ಯಾ?" ಎಂದಳು ನನ್ನ ಪಕ್ಕ ನಿಂತಿದ್ದ ಮೂಕಮ್ಮ, ಕಣ್ಣು ಮುಚ್ಚಿಕೊಂಡೇ.

"ಹುಳ ನಿಮ್ಮ ಮೈಯಾಗ ಐತಿ," ಎಂದ ಸಮ್ರಾಟ್. "ಶುಕ್ರವಾರ ಬಳ್ಳಾರಿಯಿಂದ ದೊಡ್ಡ ಮಂದಿ ಬರ್ತಾರ. ಅವರಿಗೆ ನಿಮ್ಮ ಗಾಳಿ ಸೋಕಬಾರದು."

ಲಾಕ್‌ಡೌನ್ ಶುರುವಾದಾಗಿನಿಂದ ಹತ್ತು ತಿಂಗಳು ನಮ್ಮ ಗಡ್ಡೆಯಲ್ಲಿ ಒಬ್ಬರಿಗೂ ಕೆಮ್ಮು ಬಂದಿರಲಿಲ್ಲ. ಅದೇ ಹತ್ತು ತಿಂಗಳಲ್ಲಿ ಬಳ್ಳಾರಿಯ ಪಾರ್ವತಿನಗರದಲ್ಲಿ ಸಮ್ರಾಟನ ಮನೆಮಂದಿಯೆಲ್ಲ ಕರೋನಾ ಬಂದು ಎರಡು ಸಲ ಮಲಗಿ ಎದ್ದಿದ್ದರು. ಆದರೂ ಹುಳ ಇರುವುದು ನಮ್ಮ ಮೈಯಲ್ಲಿ!

ನಾನು ಮಂಜಮ್ಮ. ಸಿರುಗುಪ್ಪದ ಹತ್ತಿರ ತುಂಗಭದ್ರೆಯ ನಡುವೆ ಇರುವ ಗಂಗಿಗಡ್ಡೆ ಎಂಬ ನಡುಗಡ್ಡೆಯವಳು. ಗಂಡ ತೀರಿಕೊಂಡ ಮೇಲೆ, ನೀರು ತಳ್ಳಿ ಹರಿಗೋಲು ನಡೆಸುವ ಅವನ ಹುಟ್ಟು ನನ್ನ ಕೈಗೆ ಬಂತು. ಅಂದಿನಿಂದ ಜನರನ್ನು ಹರಿಗೋಲಿನಲ್ಲಿ ದಾಟಿಸುವುದು ನಾನು, ಹೊಳೆ ನೋಡಿ ಹೇಳುವುದು ನನ್ನ ಮಾವ ಹುಲುಗಪ್ಪ. ಹರಿಗೋಲೆಂದರೆ ಡಾಂಬರು ಬಳಿದ ಬಿದಿರಿನ ದೊಡ್ಡ ಬುಟ್ಟಿ. ಅದರಲ್ಲಿ ಮೇಲೆ ಕೆಳಗೆ ಅಂತ ಇಲ್ಲ. ಹತ್ತಿದವರೆಲ್ಲ ಚಪ್ಪಲಿ ಬಿಚ್ಚಿ, ತಳದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಯಾರು ಎಲ್ಲಿ ಅನ್ನುವುದನ್ನು ತೂಕ ನೋಡಿ ಹುಟ್ಟು ಹಿಡಿದವರು ಹೇಳಬೇಕು. ಸಮ್ರಾಟನ ಅಜ್ಜ ಕುರುಗೋಡಿನ ಕಡೆಯ ಗೌಡ. ನಮ್ಮ ಜೊತೆ ಕೂರಲಾರದೆ ಒಮ್ಮೆ ಮಣೆ ತಂದಿದ್ದನಂತೆ. "ಮಣಿ ಬಿಡ್ರಿ, ಇಲ್ಲಾ ಹೊಳಿ ಬಿಡ್ರಿ" ಎಂದನಂತೆ ನನ್ನ ಮಾವನ ಅಪ್ಪ. ಗೌಡ ಹೊಳೆ ಬಿಟ್ಟು ಮನೆಗೆ ಹೋದನಂತೆ. ಮಣೆ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು, ಈಗಲೂ ಅದರ ಮೇಲೆ ಈಳಿಗೆ ಇಟ್ಟು ಬದನೆಕಾಯಿ ಹೆಚ್ಚುತ್ತೇನೆ.

ಮೊಮ್ಮಗ ಮಣೆ ತರಲಿಲ್ಲ, ಬೋರ್ಡು ತಂದ. "ಸುರಕ್ಷಿತ ಗಂಗಿಗಡ್ಡೆ" ಎಂದು ಮೇಲೆ ದೊಡ್ಡ ಅಕ್ಷರ, ಕೆಳಗೆ ನಾಲ್ಕು ನಿಯಮ, ಅದರ ಕೆಳಗೆ ಬಳ್ಳಾರಿಯ ದೊಡ್ಡ ಅಧಿಕಾರಿ ಸಾಹೇಬರ ಸಹಿ. ಒಂದು, ಗಡ್ಡೆಗೆ ಬರುವಾಗ ಹೋಗುವಾಗ ಪಂಪಿನ ನೀರು ಹೊಡೆಸಿಕೊಳ್ಳಬೇಕು. ಎರಡು, ಗಡ್ಡೆಯವರು ಅತಿಥಿಗಳ ಹತ್ತಿರ ಮಾತಾಡಬಾರದು. ಮೂರು, ಹೊಳೆ ದಾಟುವವರ ಕೈಯಲ್ಲಿ ಕರೋನಾ ಇಲ್ಲ ಅನ್ನುವ ರಿಪೋರ್ಟ್ ಇರಬೇಕು. ನಾಲ್ಕು, ಹರಿಗೋಲು ನೀರಿಗಿಳಿಸಬಾರದು.

"ರಿಪೋರ್ಟ್ ಎಲ್ಲಿ ಕೊಡ್ತಾರ್ರಿ?" ಎಂದು ನಾನು ಕೇಳಿದೆ.

"ಸಿರುಗುಪ್ಪದಾಗ."

"ಸಿರುಗುಪ್ಪಕ್ಕ ಹೋಗಾಕ ಹೊಳಿ ದಾಟಬೇಕಲ್ರಿ?"

"ರಿಪೋರ್ಟ್ ಇಲ್ದ ಹೆಂಗ ದಾಟ್ತೀಯ?" ಎಂದ ಸಮ್ರಾಟ್. ಅವನಿಗೆ ನಗು ಕೂಡ ಬರಲಿಲ್ಲ. ನನಗೆ ಬಂತು. ಮಾಸ್ಕಿನ ಒಳಗೇ ನಕ್ಕೆ, ಆಮೇಲೆ ಗುಡಿಸಲಿಗೆ ಹೋಗಿ ಅತ್ತೆ. ಎರಡನೇ ಬೆಳೆಯ ನಾಟಿ ಶುರುವಾಗಿತ್ತು. ಆ ದಂಡೆಯ ಗದ್ದೆಗಳಲ್ಲಿ ನಮ್ಮ ಹೆಂಗಸರ ಗುಂಪಿಗಾಗಿ ಸಸಿ ಕಿತ್ತಿಟ್ಟಿದ್ದರು. ನಮ್ಮ ಮೂರೂ ಹರಿಗೋಲುಗಳನ್ನು ಸಮ್ರಾಟ್ ಹುಣಸೆಮರಕ್ಕೆ ಸರಪಳಿ ಹಾಕಿ ಬಿಗಿದು, ಬೀಗದ ಕೀಲಿಯನ್ನು ತನ್ನ ಕಾರಿನ ಕೀಲಿಗೊಂಚಲಿಗೆ ಸೇರಿಸಿಕೊಂಡಿದ್ದ. ಶುಕ್ರವಾರ ಊಟವಾದ ಮೇಲೆ ಸಾಹೇಬರು ಇನ್ನೊಂದು ಕಾಗದಕ್ಕೆ ಸಹಿ ಹಾಕುವವರಿದ್ದರು. ಆಮೇಲೆ ಹೊಳೆ ದಾಟಿಸುವ ಕಡವು ಪೂರಾ ಸಮ್ರಾಟನ ಮೋಟರ್ ಬೋಟಿಗೆ, ಹರಿಗೋಲು ಕಾಯಂ ಬಂದ್. ನಾಟಿಗೆ, ಅಕ್ಕಿಗೆ, ಬಾಣಂತಿಗೆ, ಹೆಣಕ್ಕೆ, ಎಲ್ಲದಕ್ಕೂ ನಾವು ಅವನ ಮೂತಿ ನೋಡಬೇಕು.

ಗುರುವಾರ ಅವನು ನೂರು ಜೋಳದ ರೊಟ್ಟಿ ಬಡಿಯಲು ಹೇಳಿದ.

"ನಮ್ಮ ಗಾಳಿ ಸೋಕಬಾರದು ಅಂದ್ರಿ. ರೊಟ್ಟಿ ಸೋಕಬೋದೇನ್ರಿ?" ಎಂದಳು ಮೂಕಮ್ಮ.

"ಬಳ್ಳಾರಿ ಬ್ರೂಸ್‌ಪೇಟಿ ಅಡಿಗಿ ಭಟ್ಟರು ಮಾಡಿದ್ದು ಅಂತ ಹೇಳ್ತೀನಿ. ನೀನು ಬಾಯಿ ಮುಚ್ಕೊಂಡು ಬಡಿ."

ರೊಟ್ಟಿ ಬಡಿದೆವು. ಮೂಕಮ್ಮ ಒಂದೊಂದು ಬಡಿತಕ್ಕೂ ಅವನ ಹೆಸರು ಹೇಳಿ ಬಡಿದಳು. ಅಷ್ಟು ತೆಳ್ಳಗಿನ ರೊಟ್ಟಿ ನಮ್ಮ ಗಡ್ಡೆಯಲ್ಲಿ ಹಿಂದೆಂದೂ ಆಗಿರಲಿಲ್ಲ.

ಸಂಜೆ ನನ್ನ ಮಾವ ಕೋಲೂರಿಕೊಂಡು ಸಮ್ರಾಟನ ಹತ್ತಿರ ಹೋದ. "ಸಾವ್ಕಾರ್ರ, ಈಗ ಡ್ಯಾಮಿನವರು ಬಿಡೋ ನೀರಿಗೆ ಮುಂಜಾನಿ ಏರಿದ ಹೊಳಿ ಮಧ್ಯಾಹ್ನದ ಮ್ಯಾಲ ಇಳೀತೈತ್ರಿ. ನಿಮ್ಮ ಬೋಟು ಎರಡು ಗಂಟಿ ಆಗೋದ್ರೊಳಗ ವಾಪಸ್ ಹೋಗಬೇಕ್ರಿ. ಇಲ್ಲಾಂದ್ರ ಬಂಡಿಗಲ್ಲಿನ ಮ್ಯಾಲ ಕುಂದರತೈತಿ."

"ನೀ ನನಗ ಹೊಳಿ ಕಲಿಸ್ತಿಯೇನಲೇ ಮುದಿಯಾ? ಬೋಟಿಗೆ ನಲವತ್ತು ಕುದುರಿ ಶಕ್ತಿ ಐತಿ. ಲೇ ಗಾದಿಲಿಂಗ, ಇವಗ ಇನ್ನೊಂದು ಸಲ ಹೊಡಿ!"

ಗಾದಿಲಿಂಗಪ್ಪ ಹೊಡೆದ. ಮುದುಕನ ಕಣ್ಣು ರಾತ್ರಿಯೆಲ್ಲ ಉರಿಯಿತು. ನಾನು ತಣ್ಣೀರಿನ ಬಟ್ಟೆ ಹಾಕುತ್ತ ಕೂತಾಗ, "ನಾನು ಹೇಳೋದು ಹೇಳೀನವ್ವ. ಇನ್ನು ನಿಯಮದ ಪ್ರಕಾರ ಬಾಯಿ ಮುಚ್ಚತೀನಿ," ಎಂದ.

ಶುಕ್ರವಾರ ಹತ್ತು ಗಂಟೆಗೆ ಬೋಟು ಬಂತು. ನಮ್ಮನ್ನು ಹಸಿರು ಪರದೆಯ ಹಿಂದೆ ಕೂರಿಸಿದ್ದರು, ಗುಡಿಸಲೂ ಕಾಣಬಾರದು, ನಾವೂ ಕಾಣಬಾರದು. ಪರದೆಗೆ ತೂತುಗಳಿದ್ದವು. ಸಾಹೇಬರು ಇಳಿದರು, ಹಿಂದೆಯೇ ಇಪ್ಪತ್ತು ಅತಿಥಿಗಳು ಇಳಿದರು. ಜ್ವರ ನೋಡುವ ಪಿಸ್ತೂಲು ಹಿಡಿದು ಗಾದಿಲಿಂಗಪ್ಪ ಮುಂದೆ ಬಂದರೆ ಸಮ್ರಾಟ್ "ಇವರೆಲ್ಲ ನಮ್ಮವರು ಬಿಡಲೇ" ಎಂದು ಆಚೆ ತಳ್ಳಿದ. ಪಂಪು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ರಿಪೋರ್ಟಿನ ಮಾತೇ ಇಲ್ಲ. ಮಾಸ್ಕುಗಳು ಒಂದೊಂದಾಗಿ ಜೇಬು ಸೇರಿದವು. ಎಲ್ಲರೂ ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕಿ "ಸುರಕ್ಷಿತ ಗಂಗಿಗಡ್ಡೆ" ಬೋರ್ಡಿನ ಕೆಳಗೆ ಫೋಟೋ ತೆಗೆಸಿಕೊಂಡರು. ಆಮೇಲೆ ರೊಟ್ಟಿ ತಿಂದರು. "ಭಟ್ಟರ ಕೈ ಭಾಳ ಚಲೋ ಐತಿ," ಎಂದರು ಸಾಹೇಬರು. ಮೂಕಮ್ಮ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಎರಡು ಗಂಟೆಯಾಯಿತು. ಅವರು ಹಾಡು ಹಚ್ಚಿದರು. ಮೂರಾಯಿತು. ಹೊಳೆಯಲ್ಲಿ ಬಂಡೆಯ ಬೆನ್ನು ಕಂಡಿತು. ಮಾವ ಬೀಡಿ ಹಚ್ಚಿ ನನ್ನ ಕಡೆ ನೋಡಿದ. ನಾನು ತುಟಿಯ ಮೇಲೆ ಬೆರಳಿಟ್ಟು ಬೋರ್ಡು ತೋರಿಸಿದೆ. ಎರಡನೇ ನಿಯಮ.

ನಾಲ್ಕಕ್ಕೆ ಎಲ್ಲರೂ ಬೋಟು ಹತ್ತಿದರು. ನಲವತ್ತು ಕುದುರೆ ಒಮ್ಮೆಲೇ ಕೂಗಿದವು, ಬೋಟಿನ ತಳ ಕಲ್ಲಿಗೆ ಉಜ್ಜಿತು, ಹಿಂದಿನ ಮೋಟರಿನ ರೆಕ್ಕೆ ಮುರಿದು ಎತ್ತಲೋ ಹಾರಿತು. ಅತಿಥಿಗಳು ಮೊಣಕಾಲುದ್ದ ಕೆಸರಿನಲ್ಲಿ ವಾಪಸ್ ಬಂದರು. ಸಾಹೇಬರಿಗೆ ಆರು ಗಂಟೆಗೆ ಬಳ್ಳಾರಿಯಲ್ಲಿ ಮೀಟಿಂಗ್ ಇತ್ತಂತೆ, ಮೇಲಿನವರು ಬರುವವರಿದ್ದರಂತೆ.

ಸಮ್ರಾಟ್ ಪರದೆ ಸರಿಸಿದ. "ಮಂಜಿ, ಏಳು. ಹರಗೋಲು ತಗಿ."

ನಾನು ಬೋರ್ಡಿನ ಕಡೆ ಬೆರಳು ತೋರಿಸಿದೆ. ಮೂಕಮ್ಮನೂ ತೋರಿಸಿದಳು. ಹದಿನಾರೂ ಜನ ತೋರಿಸಿದೆವು.

"ಮಾತಾಡ್ರಲೇ, ನಿಮ್ಮೌರ್! ಬಾಯಾಗ ಏನು ಇಟ್ಕೊಂಡೀರಿ?"

ಸಾಹೇಬರಿಗೆ ಅರ್ಥವಾಯಿತು. ಓದಿದವರು. ಸಹಿಗೆಂದು ತಂದಿದ್ದ ದಪ್ಪ ಪೆನ್ನಿನಿಂದ ಬೋರ್ಡಿನ ಎರಡನೇ ನಿಯಮದ ಮೇಲೆ ಗೀಟು ಹಾಕಿ, "ಈಗ ಮಾತಾಡಮ್ಮ," ಎಂದರು.

"ನಮಸ್ಕಾರ್ರಿ ಸಾಹೇಬ್ರ," ಎಂದೆ. "ಹರಗೋಲು ಇಳಸಬಾರದು ಅಂತ ನಾಕನೇದು ಐತ್ರಿ."

ನಾಲ್ಕನೆಯದಕ್ಕೂ ಗೀಟು ಬಿತ್ತು. ಸಮ್ರಾಟ್ ಹಲ್ಲು ಕಡಿಯುತ್ತ ಕೀಲಿಗೊಂಚಲು ತೆಗೆದು ಸರಪಳಿ ಬಿಚ್ಚಿದ. "ಇವರ ಕಾಲು ಯಾಕ್ರಿ ಹಿಡೀಬೇಕು ಸಾರ್? ಒಂದು ಬುಟ್ಟಿ ನಡಸಾಕ ಏನು ಬೇಕು?" ಎಂದು ಬೋಟಿನ ಉದ್ದ ಕೋಲನ್ನು ಹಿಡಿದು ತಾನೇ ಹತ್ತಿದ. ಹರಿಗೋಲು ದಂಡೆಯಿಂದ ಹತ್ತು ಮಾರು ಹೋಯಿತು, ಅಲ್ಲಿಂದ ಮುಂದೆ ಹೋಗಲಿಲ್ಲ, ನಿಂತಲ್ಲೇ ಗರಗರ ತಿರುಗಿತು. ಅವನು ಈ ಕಡೆ ಒತ್ತಿದರೆ ಅದು ಆ ಕಡೆ ತಿರುಗಿತು. ಮುಖ ಕಂಡಿತು, ಬೆನ್ನು ಕಂಡಿತು, ಮತ್ತೆ ಮುಖ ಕಂಡಿತು. ಅತಿಥಿಗಳು ಫೋನ್ ತೆಗೆದು ವಿಡಿಯೋ ಮಾಡಿದರು. ಮೂಕಮ್ಮ ಸೆರಗು ಬಾಯಿಗೆ ಹಿಡಿದು ನೆಲಕ್ಕೆ ಕೂತುಬಿಟ್ಟಳು. ಕೊನೆಗೆ ಮಾವನೇ ನೀರಿಗಿಳಿದು, ಎಮ್ಮೆಯನ್ನು ಎಳೆದು ತಂದಂತೆ ಎಳೆದು ತಂದ. ಸಮ್ರಾಟ್ ಇಳಿದು ವಾಂತಿ ಮಾಡಿಕೊಂಡ.

"ರಿಪೋರ್ಟ್ ತೋರಸ್ರಿ," ಎಂದು ನಾನು ಸಾಹೇಬರಿಗೆ ಕೈ ಚಾಚಿದೆ.

"ನನ್ನ ಹತ್ರ ಎಲ್ಲೈತಮ್ಮ ರಿಪೋರ್ಟ್?"

"ಸಿರುಗುಪ್ಪದಾಗ ಕೊಡ್ತಾರಂತ್ರಿ. ಹೋಗಿ ತಗೊಂಡು ಬರ್ರಿ, ದಾಟಸ್ತೀನಿ."

ಸಾಹೇಬರು ಸಮ್ರಾಟನ ಕಡೆ ದುರುಗುಟ್ಟಿ ನೋಡಿದರು. ಆಮೇಲೆ ಮೂರನೆಯದಕ್ಕೆ ಗೀಟು ಬಿತ್ತು. ಈ ಸಲ ಪೆನ್ನು ಸ್ವಲ್ಪ ಜೋರಾಗಿಯೇ ಒತ್ತಿತು.

ಉಳಿದದ್ದು ಒಂದೇ. ಅದನ್ನು ನಾನು ಎತ್ತುವ ಮೊದಲೇ ಹಿಂದೆ ಪಂಪಿನ ಕೈ ಕಿರುಗುಟ್ಟಿತು. ಗಾದಿಲಿಂಗಪ್ಪ ಕೆಂಪು ಟೊಪ್ಪಿಗೆ ತೆಗೆದು ಕೆಸರಿಗೆ ಹಾಕಿ, ಪಂಪು ಬೆನ್ನಿಗೇರಿಸಿ ನಿಂತಿದ್ದ. ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿದ.

"ಕಣ್ಣು ಮುಚ್ರಿ ಸಾಹೇಬ್ರ," ಎಂದ. "ಸಾವ್ಕಾರ್ರ, ನೀವೂ ಬರ್ರಿ ಸಾಲಿಗೆ. ಒಂದನೇ ನಿಯಮ."

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ಏಯ್! ತಲಿ ಕೆಟ್ಟೈತಾ? ಅದನ್ನ ಮನುಷ್ಯರ ಮ್ಯಾಲ ಹೊಡೀತಾರೇನೋ?"

ಗಾದಿಲಿಂಗಪ್ಪನ ಕೈ ನಿಂತಿತು. ನನ್ನ ಮಾವ ಇನ್ನೂ ಕೆಂಪಗಿದ್ದ ಕಣ್ಣುಗಳನ್ನು ಅಗಲಿಸಿ ಸಾಹೇಬರನ್ನೇ ನೋಡುತ್ತ ನಿಂತ. ಅವರು ಆ ಕಣ್ಣು ನೋಡಿದರು, ಬೋರ್ಡಿನ ಮೇಲಿದ್ದ ತಮ್ಮ ಸಹಿ ನೋಡಿದರು. ಒಂದನೆಯದಕ್ಕೆ ಅಕ್ಷರವೇ ಕಾಣದಂತೆ ಗೀಟು ಹಾಕಿದರು. ಅದು ನಾಚಿಕೆಯೋ ಮೀಟಿಂಗಿನ ಹೆದರಿಕೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಎಲ್ಲರೂ ಹರಿಗೋಲಿನ ಕಡೆ ನುಗ್ಗಿದರು. ನಾನು ಹುಟ್ಟು ಅಡ್ಡ ಹಿಡಿದೆ.

"ನಿಮ್ಮ ಬೋರ್ಡಿನ್ಯಾಗ ನಮಗ ನಾಕು ನಿಯಮ ಇದ್ದುವು, ನಿಮಗ ಒಂದೂ ಇರಲಿಲ್ಲ. ರೋಗ ಸುಳ್ಳಲ್ಲ. ಮಾಸ್ಕು ಮೂಗಿನ ಮ್ಯಾಲ ಹಾಕ್ರಿ. ಕೈ ತೊಳಕೊಳ್ರಿ. ಹತ್ತು ಮಂದಿ ಕುಂದರೋ ಕಡೆ ಐದು ಮಂದಿ ಕುಂದರ್ರಿ, ಮಾರಿ ಹೊರಗ ಮಾಡ್ರಿ, ಬಾಯಿ ಮುಚ್ರಿ. ಚಪ್ಲಿ ಬಿಚ್ರಿ."

ಶಾಲೆಯ ಹುಡುಗರಂತೆ ಮಾಡಿದರು. ಮೂರು ಹರಿಗೋಲುಗಳಲ್ಲಿ ಸರದಿಯ ಮೇಲೆ ದಾಟಿಸಿದೆವು. ಸಾಹೇಬರು ಮೊದಲ ಸರದಿಯಲ್ಲೇ ಹೋದರು. ಅವರು ಸಹಿ ಹಾಕಬೇಕಿದ್ದ ಕಾಗದ ಮೇಜಿನ ಮೇಲೆ ಉಳಿದಿತ್ತು. ಉಳಿದ ರೊಟ್ಟಿಯನ್ನು ಮೂಕಮ್ಮ ಅದರಲ್ಲೇ ಸುತ್ತಿದಳು. "ಗಟ್ಟಿ ಕಾಗದ ಐತಿ, ರೊಟ್ಟಿ ಮುರಿಯಂಗಿಲ್ಲ," ಎಂದಳು.

ಕೊನೆಯ ಸರದಿಯಲ್ಲಿ ಸಮ್ರಾಟ್ ಬಂದ. ತೂಕ ನೋಡಿ ಅವನನ್ನು ಮಾವ ಮತ್ತು ಗಾದಿಲಿಂಗಪ್ಪನ ನಡುವೆ ಕೂರಿಸಿದೆ. ಅವನ ಬಿಳಿ ಪ್ಯಾಂಟಿನ ಮೊಣಕಾಲು ಮಾವನ ಮೊಣಕಾಲಿಗೆ ತಾಗಿತು. ಅವನ ಅಜ್ಜ ಬಿಟ್ಟುಹೋದ ಜಾಗ ತುಂಬಿತು. ನಡು ಹೊಳೆಗೆ ಬಂದಾಗ ಅವನು ತಲೆ ತಗ್ಗಿಸಿಕೊಂಡೇ, "ನೀರು ಏರಲಿ. ನಾಳಿ ಮತ್ತ ಸರಪಳಿ ಹಾಕತೀನಿ. ಪೊಲೀಸರನ್ನ ಕರಕೊಂಡು ಬರತೀನಿ," ಎಂದ.

ನಾನು ಹುಟ್ಟನ್ನು ನೀರಿನಿಂದ ಮೇಲೆತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಹರಿಗೋಲು ಮೆಲ್ಲಗೆ ತಿರುಗಲು ಶುರುಮಾಡಿತು.

"ಮಂಜಮ್ಮ... ಮಂಜಮ್ಮವ್ವ, ನಡಸು," ಎಂದ. ಬಿಳಿಚಿಕೊಂಡಿದ್ದ.

"ಕೀಲಿ ಕೊಡ್ರಿ."

ಅವನು ಗೊಂಚಲು ಹೊರತೆಗೆದು ಬೀಗದ ಕೀಲಿ ಬಿಚ್ಚಲು ಉಗುರು ಹಾಕಿದ. ಹರಿಗೋಲು ಇನ್ನೊಂದು ಸುತ್ತು ಹೊಡೆಯಿತು. ಅವನು ಬಿಚ್ಚುವುದನ್ನು ಬಿಟ್ಟು ಇಡೀ ಗೊಂಚಲನ್ನೇ ನನ್ನ ಕೈಗೆ ಹಾಕಿದ. ನಾನು ಅದನ್ನು ತುಂಗಭದ್ರೆಗೆ ಹಾಕಿದೆ.

"ಅದರಾಗ ಕಾರಿಂದೂ ಇತ್ತಲ್ಲೇ!" ಎಂದು ಅವನು ಕೂಗಿದ.

"ಹೌದೇನ್ರಿ?" ಎಂದೆ.

ಅವನನ್ನು ಕಾರಿನ ಪಕ್ಕ ಇಳಿಸಿ ವಾಪಸ್ ಬರುವಾಗ ಸೂರ್ಯ ಇನ್ನೂ ಪೂರಾ ಮುಳುಗಿರಲಿಲ್ಲ. ಗಡ್ಡೆಯ ಹೆಂಗಸರು ನಾಳೆಯ ನಾಟಿಗೆ ಬುತ್ತಿ ಕಟ್ಟುತ್ತಿದ್ದರು.

"ನಾಳಿ ಪೊಲೀಸರು ಬಂದ್ರ?" ಎಂದ ಗಾದಿಲಿಂಗಪ್ಪ. ಅವನ ದನಿಯಲ್ಲಿ ಹೆದರಿಕೆ ಇತ್ತು. ನನಗೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಮಾವ ಮುರಿದು ಬಿದ್ದಿದ್ದ ಬೋಟಿನ ಕಡೆ ನೋಡಿ, ಆರಿದ ಬೀಡಿಯನ್ನು ಮತ್ತೆ ಹಚ್ಚಿಕೊಂಡ.

"ಬರಲಿ ಬಿಡು," ಎಂದ. "ಬೋಟಿಲ್ಲ, ಆ ದಂಡಿಗೆ ನಿಂತು ನಮ್ಮನ್ನ ಕರೀತಾರ. ಮಂಜಮ್ಮ, ಅವರದೂ ಚಪ್ಲಿ ಬಿಚ್ಚಸು, ಕುಂದರಸು."