ಬಾವಿಯೊಳಗೆ ಸೀನಿದವರು ಯಾರು

ಕಳ್ಳ ಬಾವಿಗೆ ಬಿದ್ದು ವಾರಗಳೇ ಕಳೆದಿದ್ದವು. ಬೀಳಿಸಿದ್ದು ನನ್ನ ಅಣ್ಣನ ದೊಡ್ಡ ಮಗಳು. ಅವನು ಮೇಲೆ ಬರದಂತೆ ಮಾಡಿದ್ದು ನಾನು.

ನಾನು ಪುಸ್ತಕ ಬೈಂಡಿಂಗ್ ಮಾಡುವವಳು. ಇಡೀ ದಿನ ರಟ್ಟು, ದಾರ, ಅಂಟು. ಸಂಜೆ ಮನೆಗೆ ಹೋದರೆ ಬಾಚಣಿಗೆಯೂ ಕೈ ಬಿಡುವುದಿಲ್ಲ. ಪುಸ್ತಕದ ಅಂಚು ಸಮ ಮಾಡುವಾಗ ಉದುರುವ ಕಾಗದದ ಪಟ್ಟಿಗಳನ್ನು ಅಣ್ಣನ ಇಬ್ಬರು ಹುಡುಗಿಯರಿಗೆ ಕಳಿಸುತ್ತಿದ್ದೆ. ದೊಡ್ಡವಳು ಅದರ ಮೇಲೆ ಕಥೆ ಬರೆಯುತ್ತಿದ್ದಳು. ಸದಾ ಅಕ್ಕನ ಹಿಂದೆಯೇ ಇರುವ ಚಿಕ್ಕವಳಿಗೆ ನಾವು ಇಟ್ಟ ಹೆಸರು ಬಾಲ. ಅವಳು ಪೆನ್ಸಿಲ್ ಚೂಪು ಮಾಡಿಕೊಟ್ಟು, ಕೊನೆಯಲ್ಲಿ ತನ್ನ ಸಹಿ ಜಡಿಯುತ್ತಿದ್ದಳು. ಅಣ್ಣ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅದನ್ನು ನಮ್ಮ ಅಂಗಡಿಯ ಮೇಜಿನ ಮೇಲೆ ಎಸೆದು, "ತಗೋ, ನಿನ್ನ ಟಪಾಲು" ಎಂದು ಮುಖ ಸಿಂಡರಿಸುತ್ತಿದ್ದ. ಮಡಿಕೆ ನೋಡಿದರೇ ಗೊತ್ತಾಗುತ್ತಿತ್ತು, ಮಹಾಶಯ ದಾರಿಯುದ್ದಕ್ಕೂ ಓದಿಕೊಂಡೇ ಬಂದಿದ್ದಾನೆ ಅಂತ.

ಕಥಾನಾಯಕ ಶುದ್ಧ ದಡ್ಡ. ಬಾವಿಯ ಬಕೆಟ್ಟು ಕದಿಯಲು ಹೋಗಿ ಬಕೆಟ್ಟಿನ ಸಮೇತ ಒಳಗೆ ಬಿದ್ದ. ಕೊನೆಗೆ ಬಂದ ಪಟ್ಟಿಯ ಕೊನೆಯ ಸಾಲು ಹೀಗಿತ್ತು: "ಆಗ ಕತ್ತಲಲ್ಲಿ ಅವನ ಬೆನ್ನ ಹಿಂದೆ ಯಾರೋ ಸೀನಿದರು."

ಅಂಗಡಿಯಲ್ಲಿ ಎರಡು ಪಕ್ಷವಾಯಿತು. ಕಟಿಂಗ್ ಮಶೀನಿನ ಮೇಸ್ತ್ರಿ ದೆವ್ವ ಅಂದರು. ಪುಸ್ತಕ ಹೊಲಿಯುವ ಅಕ್ಕ, "ದೆವ್ವಕ್ಕೆ ಎಲ್ಲಿಂದ ಬರುತ್ತೆ ನೆಗಡಿ? ಪೊಲೀಸನೇ ಇರಬೇಕು" ಅಂದಳು. ಕೆಲಸ ಬಿಟ್ಟು ವಾದ ನಡೆಯಿತು. ನಾನು ಇಬ್ಬರಿಗೂ ಬೈದು, ನನ್ನ ಅಭಿಪ್ರಾಯವನ್ನೂ ಹೇಳಿದೆ.

ಅಷ್ಟರಲ್ಲಿ ದೊಡ್ಡವಳ ಹುಟ್ಟುಹಬ್ಬ ಬಂತು, ನನ್ನ ತಲೆಗೆ ಹುಳ ಹೊಕ್ಕಿತು. ಬೈಂಡಿಂಗ್‌ನವಳ ಸೋದರಸೊಸೆಯರು ರದ್ದಿಯ ಮೇಲೆ ಬರೆಯುವುದೇ? ರಟ್ಟಿನ ಪೆಟ್ಟಿಗೆ ಮಾಡಿ ಒಳಗೆ ನೀಲಿ ಬಟ್ಟೆ ಅಂಟಿಸಿದೆ. ಪೆನ್ಸಿಲ್ಲುಗಳಿಗೆ ಒಂದೊಂದು ಗೂಡು. ಉಳಿದ ಬಣ್ಣದ ಕಾಗದದಲ್ಲಿ ಲಕೋಟೆ. ಎಲ್ಲದರ ಮೇಲೆ ಪುಸ್ತಕ: ಕೈಹೊಲಿಗೆ, ಬಟ್ಟೆಯ ಬೆನ್ನು, ಕೆಂಪು ರಿಬ್ಬನ್, ರಟ್ಟಿನ ಮೇಲೆ ಇಬ್ಬರ ಹೆಸರೂ ಚಿನ್ನದ ಬಣ್ಣದಲ್ಲಿ. ಇಷ್ಟು ವರ್ಷದಲ್ಲಿ ಅಷ್ಟು ಚಂದದ ಪುಸ್ತಕ ನಾನು ಕಟ್ಟಿರಲಿಲ್ಲ.

"ಇದ್ರಲ್ಲಿ ಬರೆಯೋಕೆ ಯಾರಿಗೆ ಕೈ ಬರುತ್ತಮ್ಮ?" ಅಂದರು ಮೇಸ್ತ್ರಿ. ನಾನು ಅದನ್ನು ಹೊಗಳಿಕೆ ಅಂದುಕೊಂಡು ಉಬ್ಬಿಹೋದೆ.

ಉಡುಗೊರೆ ಹೋದ ಮೇಲೆ ಟಪಾಲು ನಿಂತಿತು. ಅಣ್ಣ ಬರಿಗೈಯಲ್ಲಿ ಬರತೊಡಗಿದ. ಕೇಳಿದರೆ, "ನನ್ನನ್ನೇನು ಕೇಳ್ತೀಯ, ನಾನೇನು ಬಾವಿಗಿಳಿದು ನೋಡಲಾ?" ಎಂದು ನನ್ನ ಮೇಲೇ ರೇಗಿದ. ಅವನಿಗೂ ಕಥೆ ನಿಂತ ಸಂಕಟ. ಭಾನುವಾರ ನಾನೇ ಅವರ ಮನೆಗೆ ಹೋದೆ.

ಪುಸ್ತಕ ಗಾಜಿನ ಬೀರುವಿನಲ್ಲಿತ್ತು. ಯಾರೂ ಕಾಫಿ ಕುಡಿಯದ ಹೂವಿನ ಕಪ್ಪುಗಳ ಪಕ್ಕದಲ್ಲಿ.

"ಏನಮ್ಮಾ ಮಹಾರಾಣಿ, ಕಥೆ ಎಲ್ಲಿ?"

"ಯೋಚನೆ ಮಾಡ್ತಿದೀನಿ ಅತ್ತೆ" ಅಂದಳು ದೊಡ್ಡವಳು, ನೆಲ ನೋಡುತ್ತಾ.

"ಪಟ್ಟಿ ಮೇಲೆ ಬರೆಯೋಕೇನು ಧಾಡಿ?"

"ಅಮ್ಮ ಬಿಸಾಕಿದ್ಲು. ಇಷ್ಟು ಒಳ್ಳೆ ಪುಸ್ತಕ ಇರೋವಾಗ ಆ ಕಸ ಯಾಕೆ ಅಂದ್ಲು."

"ಕೈ ತೊಳ್ಕೊಂಡು ಮುಟ್ಟಿ ಅಂದಿದೀನಿ!" ಅತ್ತಿಗೆಯ ದನಿ ಅಡುಗೆಮನೆಯಿಂದ ಬಂತು.

"ಸರಿ, ತೊಳ್ಕೊಂಡು ಅದರಲ್ಲೇ ಬರಿ."

"ಅದ್ರಲ್ಲಿ ಒಳ್ಳೆ ಕಥೆನೇ ಬರೀಬೇಕು ಅತ್ತೆ. ನಮ್ಮ ಕಳ್ಳ ಅಷ್ಟು ಒಳ್ಳೆಯವನಲ್ಲ."

"ಇನ್ಮೇಲೆ ಬರೆಯೋದೇ ಇಲ್ಲ ಅಂದ್ಲು ಅಕ್ಕ" ಎಂದಿತು ಬಾಲ. ದೊಡ್ಡವಳು ಅದನ್ನು ಚಿವುಟಿದಳು. ಆದರೆ ಸುಳ್ಳು ಅನ್ನಲಿಲ್ಲ.

ಅತ್ತಿಗೆಗೆ ನಾಲ್ಕು ಮಾತು ಬಿಗಿಯೋಣ ಅಂತ ಬಾಯಿ ತೆರೆದವಳು ಮುಚ್ಚಿಕೊಂಡೆ. ಅವರದೇನು ತಪ್ಪು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರೆ, ನಾನು ಕುಲಾವಿಗೆ ಚಿನ್ನದ ಅಕ್ಷರ ಬೇರೆ ಹಾಕಿದ್ದೆ. ಕುಲಾವಿ ನೋಡಿ ಹೆದರಿ ಕೂಸು ಹುಟ್ಟುವುದನ್ನೇ ಬಿಟ್ಟಿತ್ತು.

ಬೀರುವಿನಿಂದ ಪುಸ್ತಕ ತೆಗೆದೆ. "ಅತ್ತಿಗೆ, ಒಂದು ಚಾಕು ಕೊಡಿ."

"ಹಣ್ಣು ಹೆಚ್ಚೋಕಾ?"

"ಹ್ಞೂಂ."

ಕೊಟ್ಟರು, ಪಾಪ. ನಾನು ನೆಲದ ಮೇಲೆ ಕೂತು ಪುಸ್ತಕದ ಬೆನ್ನಿಗೆ ಚಾಕು ಹಾಕಿದೆ. ಅತ್ತಿಗೆ ಕಿರುಚಿದರು. ಅಣ್ಣ, "ಲೇ, ನಿನಗೇನು ಹುಚ್ಚು ಹಿಡೀತಾ?" ಎಂದು ಓಡಿಬಂದ. ಬಟ್ಟೆ ಸೀಳಿತು. ದಾರ ಮಾತ್ರ ಜಗ್ಗಲಿಲ್ಲ. ನನ್ನ ಹೊಲಿಗೆ ಎಳೆದರೆ ಬರುವಂಥದ್ದಲ್ಲ, ನನಗೆ ನಾನೇ ಶಾಪ ಹಾಕಿಕೊಂಡು ಒಂದೊಂದೇ ಎಳೆ ಕೊಯ್ದೆ. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾದೀತು. ಕೊನೆಗೆ ಚಿನ್ನದ ಅಕ್ಷರದ ರಟ್ಟನ್ನು ಒಂದು ಕಡೆ ಎಸೆದು ಹಾಳೆಗಳನ್ನು ನೆಲದ ತುಂಬ ಹರಡಿದೆ. ಒಂದೆರಡನ್ನು ಬೇಕೆಂದೇ ಮುದುಡಿದೆ.

"ಈಗ ಇದೇನು ಹೇಳಿ?"

"ಪುಸ್ತಕ" ಅಂದಿತು ಬಾಲ, ಅಳುವ ದನಿಯಲ್ಲಿ.

"ಅಲ್ಲ ಕಣೇ, ರದ್ದಿ. ಗೀಚಿ, ಹರೀರಿ, ಮೂಗು ಒರೆಸ್ಕೊಳ್ಳಿ. ಕಥೆ ಮುಗೀಲಿ, ಆಮೇಲೆ ಬೈಂಡ್ ಮಾಡೋಳು ನಾನು."

ದೊಡ್ಡವಳು ಮುದುಡಿದ ಹಾಳೆಯೊಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. "ಕಳ್ಳನ ಕಥೆಗೂ ರಟ್ಟು ಹಾಕ್ತೀಯಾ?"

"ಕಳ್ಳನ ಕಥೆಗೇ ಹಾಕೋದು."

ಅವಳು ಬಾಲದ ಕಡೆ ಕೈ ಚಾಚಿದಳು. ಬಾಲ ಕಣ್ಣೊರೆಸಿಕೊಂಡು ಪೆನ್ಸಿಲ್ ಚೂಪು ಮಾಡಲು ಕೂತಿತು. ನಾನು ಬಗ್ಗಿ ನೋಡಲು ಹೋದರೆ, "ನೀನು ಆಚೆ ಹೋಗು ಅತ್ತೆ, ನೋಡ್ತಾ ಇದ್ರೆ ಬರೆಯಕ್ಕಾಗಲ್ಲ" ಎಂದು ಇಬ್ಬರೂ ಸೇರಿ ನನ್ನನ್ನು ದಬ್ಬಿ ಬಾಗಿಲು ಹಾಕಿಕೊಂಡರು. ಅತ್ತಿಗೆ ಮಾತ್ರ ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ಅಂಗಡಿಗೆ ಬಂದು ಮಡಿಸಿದ ಹಾಳೆಯನ್ನು ಮೇಜಿನ ಮೇಲೆ ಎಸೆದ. ಮುಖ ಸಿಂಡರಿಸಲಿಲ್ಲ, ನಗು ತಡೆದುಕೊಳ್ಳುತ್ತಿದ್ದ. ಮೇಸ್ತ್ರಿ ಮಶೀನು ನಿಲ್ಲಿಸಿದರು. ಹೊಲಿಗೆಯ ಅಕ್ಕ ಗಟ್ಟಿಯಾಗಿ ಓದಿದಳು:

"ಸೀನಿದ್ದು ಒಬ್ಬ ಮುದುಕಿ. ಅವಳೂ ಬಕೆಟ್ಟು ಕದಿಯಲು ಬಂದು ಬಿದ್ದಿದ್ದಳು. ಅವಳ ಕೈಯೆಲ್ಲ ಅಂಟು, ಬಾಯೆಲ್ಲ ಬೈಗುಳ. ಅಳಬೇಡ ದಡ್ಡ ಮುಂಡೇದೇ ಅಂತ ಕಳ್ಳನಿಗೆ ಬೈದಳು. ಆಮೇಲೆ ತನ್ನ ಹತ್ತಿರ ಇದ್ದ ಎಲ್ಲಕ್ಕಿಂತ ಚಂದದ ಶಾಲನ್ನು ಹರಿದು ಹಗ್ಗ ಮಾಡಿದಳು."

ಕೆಳಗೆ ಬಾಲದ ಸಹಿ, ಕಥೆಗಿಂತ ದೊಡ್ಡದಾಗಿ.

ದೆವ್ವದ ಪಕ್ಷ, ಪೊಲೀಸಿನ ಪಕ್ಷ ಎರಡೂ ಸೋತಿದ್ದವು. ಸೋತ ಇಬ್ಬರೂ ನನ್ನ ಮುಖ ನೋಡಿ ಹಲ್ಲು ಕಿರಿಯುತ್ತಿದ್ದರು.

"ಮುದುಕಿಯಂತೆ!" ಅಂದೆ. "ನನಗಿನ್ನೂ ಐವತ್ತೂ ಆಗಿಲ್ಲ. ಏನು ನೋಡ್ತೀರಿ, ಮಶೀನು ಹಾಕಿ!"

ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಒರೆಸಿಕೊಳ್ಳಲು ಹೋದೆ, ಹುಬ್ಬಿಗೆಲ್ಲ ಅಂಟು ಮೆತ್ತಿಕೊಂಡಿತು.