ಹುಮೇರಾಳ ಬಣ್ಣ

ಮಾನ್ವಿಯ ಮದುವೆ ಮನೆಗೆ ಶ್ರೀಲಕ್ಷ್ಮೀ ಬಂದು ಮುಟ್ಟಿದಾಗ ಬಿಸಿಲು ಅಂಗಳದ ತುಂಬ ಸುರಿಯುತ್ತಿತ್ತು. ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಅವಳದೊಂದು ಸಣ್ಣ ಸ್ಟುಡಿಯೊ. ಮುಸ್ಲಿಂ ಮನೆಗಳ ಮದುವೆಯಲ್ಲಿ ಹೆಂಗಸರ ಕಡೆ ಫೋಟೊ ತೆಗೆಯಲು ಹೆಣ್ಣುಮಗಳೇ ಬೇಕು ಎನ್ನುವವರು ಅವಳನ್ನು ಕರೆಸುತ್ತಿದ್ದರು. ಮಠದಲ್ಲಿ ಪೂಜೆಗಿದ್ದ ಅವಳ ತಂದೆ ಮೊದಮೊದಲು ಮುಖ ಗಂಟಿಕ್ಕಿದ್ದರು. ಈಗ ಮದುವೆಯ ಹಂಗಾಮು ಬಂದರೆ ಕ್ಯಾಮೆರಾದ ಬ್ಯಾಟರಿ ಚಾರ್ಜಿಗಿಡುವವರು ಅವರೇ.

ಅಂದು ಮದುಮಗಳು ಹುಮೇರಾ. ಬಳೆ ಅಂಗಡಿಯ ವಾಹಿದಾಳ ಒಬ್ಬಳೇ ಮಗಳು. ವರ ಮುಕರ್ರಂ ದೇವದುರ್ಗದವನು. ಅವನ ಸೋದರತ್ತೆ ಮುಸರ್ರತ್ ಬೆಳಗ್ಗೆಯೇ ಬಂದು ಎಲ್ಲ ಉಸ್ತುವಾರಿ ವಹಿಸಿಕೊಂಡಿದ್ದಳು. ಶ್ರೀಲಕ್ಷ್ಮೀ ಚೀಲ ಇಳಿಸುವುದೇ ತಡ, ಅವಳು ಫೋನು ಹಿಡಿದು ಬಂದಳು. ಅದರಲ್ಲಿ ಸಂಬಂಧ ಕೇಳುವಾಗ ಕಳಿಸಿದ್ದ ಹುಮೇರಾಳ ಫೋಟೊ ಇತ್ತು. ಯಾವುದೋ ಸ್ಟುಡಿಯೊದಲ್ಲಿ ತೆಗೆದದ್ದು. ಮುಖಕ್ಕೆ ಹಿಟ್ಟು ಬಳಿದಂತೆ ಬೆಳ್ಳಗೆ, ಮೂಗು ಎಲ್ಲಿ ಮುಗಿಯಿತು ಎಂದೂ ತಿಳಿಯದು.

"ಇಷ್ಟು ಬೆಳ್ಳಗ ಬರಬೇಕು ನೋಡಮ್ಮ. ನಮ್ಮ ಮಂದಿ ಎಲ್ಲಾ ಇದನ್ನ ನೋಡ್ಯಾರ," ಎಂದಳು.

ಒಳಕೋಣೆಯಲ್ಲಿ ಕೂತಿದ್ದ ಹುಮೇರಾಳಿಗೆ ಅದು ಕೇಳಿಸಿತು. ಕಪ್ಪು ಹುಡುಗಿ, ದೊಡ್ಡ ಕಣ್ಣು. ಅವಳು ಮೆಹಂದಿಯ ಕೈ ನೋಡಿಕೊಂಡಳು.

ನಿಕಾಹ್ ಮುಗಿದ ಮೇಲೆ ವರನನ್ನು ಹೆಂಗಸರ ಕಡೆ ಕರೆತಂದರು. ಅಂಗಳದ ನಡುವೆ ಹೂವಿನ ಪರದೆ ಕಟ್ಟಿದ್ದರು, ಅದರ ಮುಂದೆಯೇ ಇಬ್ಬರನ್ನೂ ನಿಲ್ಲಿಸಿದರು. ಫೋಟೊಕ್ಕೆ ಅದಕ್ಕಿಂತ ಕೆಟ್ಟ ಜಾಗ ಆ ಮನೆಯಲ್ಲಿ ಇರಲಿಲ್ಲ. ನೆತ್ತಿಯ ಸೂರ್ಯ ಮುಕರ್ರಂನ ಬಿಳಿ ಶೇರ್ವಾನಿಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಹುಮೇರಾಳ ಮುಖ ದುಪಟ್ಟಾದ ನೆರಳಿನಲ್ಲಿ ಮುಳುಗಿತ್ತು.

ಕ್ಯಾಮೆರಾದಲ್ಲಿ ಬೆಳಕು ಹೆಚ್ಚಿಸು ಎಂದು ಮುಸರ್ರತ್ ಹಿಂದೆ ನಿಂತು ಹೇಳುತ್ತಲೇ ಇದ್ದಳು. ಶ್ರೀಲಕ್ಷ್ಮೀ ವಾದಕ್ಕಿಳಿಯಲಿಲ್ಲ. ಹೇಳಿದಷ್ಟು ಹೆಚ್ಚಿಸಿ ಒಂದು ಫೋಟೊ ತೆಗೆದು ಅವಳಿಗೇ ತೋರಿಸಿದಳು. ಹುಮೇರಾ ಬೆಳ್ಳಗೆ ಬಂದಿದ್ದಳು. ಆದರೆ ಪಕ್ಕದ ವರನಿಗೆ ಎದೆಯೇ ಇರಲಿಲ್ಲ. ಗುಂಡಿ, ಕಾಲರಿನ ಜರಿ, ಕೊರಳ ಮಲ್ಲಿಗೆ ಎಲ್ಲ ಹೋಗಿ ಅಲ್ಲಿ ಬರೀ ಖಾಲಿ ಕಾಗದದಂಥ ಬಿಳುಪು.

"ಕಪ್ಪಗ ಬಿದ್ದದ್ದನ್ನ ಆಮ್ಯಾಲ ಸ್ವಲ್ಪ ತಿಳಿ ಮಾಡಬಹುದ್ರಿ ಅಮ್ಮಾ," ಎಂದಳು ಶ್ರೀಲಕ್ಷ್ಮೀ. "ಹಿಂಗ ಬೆಳ್ಳಗ ಸುಟ್ಟು ಹೋದದ್ದನ್ನ ಯಾರಿಗೂ ತಿರುಗಿ ತರಾಕ ಆಗಂಗಿಲ್ಲ. ನನಗ ಬಿಡ್ರಿ, ನಾ ಮಾಡ್ತೀನಿ."

ಅವಳು ಇಬ್ಬರನ್ನೂ ಪಡಸಾಲೆಗೆ ಕರೆದೊಯ್ದಳು. ಅಲ್ಲಿ ಕತ್ತಲೆಂದು ಮುಸರ್ರತ್ ತಕರಾರು ತೆಗೆದಳು. ತನಗೆ ಬೇಕಾದದ್ದೇ ಆ ನೆರಳು ಎಂದು ಶ್ರೀಲಕ್ಷ್ಮೀ ನಕ್ಕಳು. ಅಂಗಳದ ಕಡೆ ಮುಖ ಮಾಡಿಸಿ, ನೆರಳಿನ ಅಂಚಿಗೆ ನಿಲ್ಲಿಸಿದಳು. ಊಟಕ್ಕೆ ಹಾಸಲು ತಂದಿಟ್ಟಿದ್ದ ಬಿಳಿ ದಸ್ತರ್‌ಖಾನ್ ಕೇಳಿ ಪಡೆದು ಅವರ ಮುಂದಿನ ಬಿಸಿಲಿನ ಕಲ್ಲಿನ ಮೇಲೆ ಹರಡಿದಳು. ಬಟ್ಟೆಗೆ ಬಿದ್ದ ಬಿಸಿಲು ತಿರುಗಿ ಇಬ್ಬರ ಮುಖದ ಮೇಲೂ ಮೆತ್ತಗೆ ಏರಿತು. ಆಮೇಲೆ ಅವಳು ಮುಕರ್ರಂನ ಕಾಲರು ನೋಡಿಕೊಂಡು, ಜರಿಯ ಎಳೆ ಎಳೆ ಕಾಣುವ ತನಕ ಕ್ಯಾಮೆರಾದ ಬೆಳಕು ಇಳಿಸಿ ಫೋಟೊ ತೆಗೆದಳು.

ಹುಮೇರಾ ತಾನೇ ಕೈ ಚಾಚಿ ಕ್ಯಾಮೆರಾ ಕೇಳಿದಳು. ಅದರ ಪರದೆಯಲ್ಲಿ ಅವಳ ಕಪ್ಪು ಕಪ್ಪಾಗಿಯೇ ಇತ್ತು. ಕಣ್ಣಿನಲ್ಲಿ ಬೆಳಕಿತ್ತು, ಗಲ್ಲದ ಸಣ್ಣ ಕುಳಿಯೂ ಇತ್ತು. ಮಗಳ ಭುಜದ ಮೇಲಿಂದ ಬಗ್ಗಿ ನೋಡಿದ ವಾಹಿದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಮ್ಮ ಅಮ್ಮೀ ಕಂಡ್ಲು," ಎಂದಳು. ವಾಹಿದಾಳ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಬೆಳ್ಳಗೆ ಮಾಡಿದ ಯಾವ ಫೋಟೊದಲ್ಲೂ ಆ ಹೋಲಿಕೆ ಅವಳಿಗೆ ಸಿಕ್ಕಿರಲಿಲ್ಲ.

ಸ್ವಲ್ಪ ಸರಿಮಾಡಿ ಬೆಳ್ಳಗೆ ಮಾಡಿದರಾಯಿತು ಎಂದು ಮುಸರ್ರತ್ ಮತ್ತೆ ಶುರುಮಾಡಿದಳು. ಹುಮೇರಾ ತಲೆ ಎತ್ತಿ ಶ್ರೀಲಕ್ಷ್ಮೀಯನ್ನು ನೋಡಿದಳು.

"ಅಕ್ಕಾ, ಹಿಂಗ ಇರ್ಲಿ. ನಾಳಿ ಆ ಮನ್ಯಾಗ ಎಲ್ಲಾರೂ ನೋಡೋದು ಈ ಮಾರೀನ."

ಅತ್ತೆಯ ಮುಂದೆ ಎಂದೂ ಬಾಯಿ ಬಿಡದ ಮುಕರ್ರಂ ಕೂಡ ಮೆಲ್ಲಗೆ ಹೇಳಿದ. ಹೆಣ್ಣು ನೋಡಲು ಬಂದ ದಿನ ಫೋಟೊದ ಹುಡುಗಿಯನ್ನು ಹುಡುಕಿ ಹುಡುಕಿ ಸಾಕಾಗಿತ್ತಂತೆ. ಕೊನೆಗೆ ಶರಬತ್ತು ತಂದವಳೇ ಅವಳೆಂದು ಗೊತ್ತಾದಾಗ ಖುಷಿಯಾಯಿತಂತೆ. ಹೆಂಗಸರೆಲ್ಲ ನಕ್ಕರು. ಮುಸರ್ರತ್ ನಗಲಿಲ್ಲ, ಆದರೆ ಕೈಯಲ್ಲಿದ್ದ ಫೋನನ್ನು ಚೀಲದೊಳಗೆ ಇಟ್ಟಳು.

ಮರುದಿನ ಗಂಡಿನ ಕಡೆಯವರ ವಲೀಮಾ ಊಟ ದೇವದುರ್ಗದಲ್ಲಿ. ಅಲ್ಲಿ ವೇದಿಕೆಯ ಹಿಂದೆ ಸಾಲು ಸಾಲು ದೀಪ ಹಚ್ಚಿ, ಮುಂದೆ ನಿಂತವರನ್ನೆಲ್ಲ ಕತ್ತಲು ಮಾಡಿಟ್ಟಿದ್ದರು. ಶ್ರೀಲಕ್ಷ್ಮೀ ಹೋದವಳೇ ಹಿಂದಿನ ದೀಪ ಆರಿಸಿ ಎದುರಿನವು ಹಚ್ಚಿಸಿದಳು. ವೇದಿಕೆ ಹತ್ತಿದ ನೆಂಟರ ಹೆಂಗಸೊಬ್ಬಳು ಮದುಮಗಳ ಮುಖ ನೋಡಿ, ಹುಡುಗಿ ಕಪ್ಪಲ್ಲವೇ ಎಂದು ಪಕ್ಕದಲ್ಲಿ ನಿಂತಿದ್ದ ಮುಸರ್ರತ್‌ಳ ಕಿವಿಯಲ್ಲಿ ಪಿಸುಗುಟ್ಟಿದಳು.

"ಹೌದು, ಕಪ್ಪದಾಳ," ಎಂದಳು ಮುಸರ್ರತ್, ಎಲ್ಲರಿಗೂ ಕೇಳುವಂತೆ. "ಕಣ್ಣು ನೋಡು, ಎಷ್ಟು ಛಲೋ ಅದಾವ."

ಹುಮೇರಾ ಸರಕ್ಕನೆ ಅವಳತ್ತ ತಿರುಗಿದಳು. ಶ್ರೀಲಕ್ಷ್ಮೀ ಕಾಯುತ್ತಿದ್ದದ್ದು ಅಂಥದೊಂದು ಗಳಿಗೆಗೇ. ಅತ್ತೆಯೂ ಸೊಸೆಯೂ ಒಂದೇ ಬೆಳಕಿನಲ್ಲಿದ್ದರು. ಶ್ರೀಲಕ್ಷ್ಮೀ ಕ್ಯಾಮೆರಾದ ಗುಂಡಿ ಒತ್ತಿದಳು.